ಸ್ವಂತ ಆಯ್ಕೆಯ ಬಗ್ಗೆ ಚರ್ಚೆ: ಎಡ-ಬಲದ ಜಗಳ ಆಗದ ಹಾಗೆ ನಡೆಸೋದು ಹೇಗೆ?

ಪ್ರಶ್ನೆ (ತುಮಕೂರು)

ಪದವಿ ಕಾಲೇಜಿನ ಅಂತಿಮ ವರ್ಷದವರಿಗೆ ಎರಡು ಗಂಟೆಯ ಚರ್ಚೆ ಇಡಬೇಕಿದೆ. ಒಬ್ಬರ ಸ್ವಂತ ಆಯ್ಕೆಯಲ್ಲಿ ಸಮಾಜ, ಸರ್ಕಾರ ಎಲ್ಲಿಯವರೆಗೆ ತಲೆಹಾಕಬಹುದು ಅನ್ನೋದು ವಿಷಯ. ಊಟ, ಮದುವೆ, ಕುಡಿತ ಅಂದ ತಕ್ಷಣ ಎರಡು ಬಣ ಆಗಿಬಿಡುತ್ತೆ. ಒಂದಕ್ಕೆ ‘ಅವರವರ ಇಷ್ಟ’ ಅನ್ನೋರೇ ಇನ್ನೊಂದಕ್ಕೆ ‘ನಿಷೇಧ ಮಾಡಿ’ ಅಂತಾರೆ. ಹೇಗೆ ನಿಭಾಯಿಸಬೇಕು?

ಉತ್ತರ 1 (ಮಧುಗಿರಿ)

ಜಗಳಕ್ಕೆ ಮುಖ್ಯ ಕಾರಣ ಮೂರು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗೋದು. ಇದು ತಪ್ಪೇ? ತಪ್ಪಾದರೆ ಹೊರಗಿನವರು ಒತ್ತಡ ಹಾಕಬಹುದೇ? ಕಾನೂನು ತಡೆಯಬೇಕೇ? ಮೊದಲನೆಯದಕ್ಕೆ ‘ಹೌದು’ ಅಂದವರು ಮೂರನೆಯದಕ್ಕೆ ‘ಬೇಡ’ ಅನ್ನಬಹುದು, ಅದರಲ್ಲಿ ವಿರೋಧಾಭಾಸ ಏನೂ ಇಲ್ಲ. ಮಾತು ಶುರುವಾಗುವ ಮುಂಚೆಯೇ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಮೂರು ಕಾಲಂ ಹಾಕಿಸಿ, ಹೆಸರಿಲ್ಲದೆ ಉತ್ತರ ಬರೆಸಿ. ಹತ್ತು ನಿಮಿಷ ಸಾಕು. ಮೊದಲು ಮಾತಾಡಿಸಿ ಆಮೇಲೆ ಬರೆಸಿದರೆ ಜೋರಾಗಿ ಮಾತಾಡಿದವನ ಅಭಿಪ್ರಾಯವೇ ಎಲ್ಲ ಹಾಳೆಗಳಲ್ಲೂ ಬರುತ್ತೆ.

ಮೊದಲ ಉದಾಹರಣೆ ಕುಡಿತವೇ ಇರಲಿ, ಅಲ್ಲಿ ಬಣಗಳು ತಾವಾಗಿಯೇ ಬೆರೆತುಹೋಗುತ್ತವೆ. ಸಂವಿಧಾನದ 47ನೇ ವಿಧಿಯೇ ಪಾನನಿಷೇಧದ ಕಡೆಗೆ ಪ್ರಯತ್ನಿಸಿ ಅನ್ನುತ್ತೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಉಳಿದ ಮದ್ಯ ನಿಲ್ಲಲಿಲ್ಲ. ನಿಷೇಧ ಕೇಳೋರಲ್ಲಿ ಗಾಂಧಿವಾದಿಗಳೂ ಇದ್ದಾರೆ, ಮಹಿಳಾ ಸಂಘಟನೆಗಳೂ ಇವೆ, ಸಂಪ್ರದಾಯಸ್ಥರೂ ಇದ್ದಾರೆ. ‘ಕುಡಿಯೋದು ಅವನಿಷ್ಟ’ ಅಂದವರಿಗೆ ಕೂಲಿ ದುಡ್ಡು ಮನೆಗೆ ಬರದಿದ್ದಾಗ ನಷ್ಟ ಯಾರದು ಅಂತ ಕೇಳಿ. ‘ನಿಷೇಧಿಸಿ’ ಅಂದವರಿಗೆ ಕಳ್ಳಭಟ್ಟಿಯ ಹೊಣೆ ಯಾರದು ಅಂತ ಕೇಳಿ. ಎರಡು ಕಡೆಯವರೂ ತಮ್ಮ ನಿಲುವಿನ ಬೆಲೆ ಎಷ್ಟು ಅಂತ ಹೇಳಲೇಬೇಕಾಗುತ್ತೆ.

ಉತ್ತರ 2 (ಚಿಕ್ಕಬಳ್ಳಾಪುರ)

ಪಕ್ಷದ ಹೆಸರು ಬರೋಕೇ ಬಿಡಬೇಡಿ. ಮನಃಶಾಸ್ತ್ರಜ್ಞ ಜೆಫ್ರಿ ಕೊಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಮೆರಿಕದ ವಿದ್ಯಾರ್ಥಿಗಳು ಬಡವರ ನೆರವಿನ ಯೋಜನೆಯನ್ನು ತೂಗಿದ್ದು ಅದರಲ್ಲಿ ಏನಿದೆ ಅಂತ ನೋಡಿ ಅಲ್ಲ, ಯಾವ ಪಕ್ಷ ಬೆಂಬಲಿಸಿದೆ ಅಂತ ನೋಡಿ. ಆದರೂ ಯೋಜನೆ ನೋಡಿಯೇ ತೀರ್ಮಾನಿಸಿದೆವು ಅಂತಲೇ ಅವರು ನಂಬಿದ್ದರು.

ಗ್ರಹಾಂ, ಹೈಟ್, ನೋಸೆಕ್ ಅನ್ನೋ ಮನಃಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಉಪಯೋಗಕ್ಕೆ ಬರುತ್ತೆ. ಉದಾರವಾದಿಗಳು ಹೆಚ್ಚಾಗಿ ಯಾರಿಗೆ ನೋವಾಯಿತು, ಯಾರಿಗೆ ಅನ್ಯಾಯವಾಯಿತು ಅಂತ ನೋಡ್ತಾರೆ. ಸಂಪ್ರದಾಯವಾದಿಗಳು ಇವೆರಡರ ಜೊತೆಗೆ ಗುಂಪಿನ ನಿಷ್ಠೆ, ಹಿರಿಯರ ಮಾತು, ಮಡಿ-ಪಾವಿತ್ರ್ಯವನ್ನೂ ಹೆಚ್ಚುಕಡಿಮೆ ಅಷ್ಟೇ ತೂಗ್ತಾರೆ. ಇದನ್ನು ಹಣೆಪಟ್ಟಿ ಹಚ್ಚೋಕೆ ಬಳಸಬೇಡಿ. ಅಮೆರಿಕದ ಎಡ-ಬಲ ನಮ್ಮ ಎಡ-ಬಲಕ್ಕೆ ಹೊಂದಲ್ಲ, ಜಾತಿಯ ಲೆಕ್ಕವಂತೂ ಅದರಲ್ಲಿ ಇಲ್ಲವೇ ಇಲ್ಲ. ಎದುರಿನವರು ಯಾವ ಮೌಲ್ಯದಿಂದ ಮಾತಾಡ್ತಿದ್ದಾರೆ ಅಂತ ಅವರೇ ಒಪ್ಪುವ ಹಾಗೆ ಹೇಳಿದ ಮೇಲೇ ಉತ್ತರ ಕೊಡಬೇಕು ಅಂತ ನಿಯಮ ಮಾಡಿ.

ಉತ್ತರ 3 (ಕೋಲಾರ)

ಮಧುಗಿರಿಯವರ ಎರಡನೇ ಕಾಲಂ ಸಾಲದು. ಒತ್ತಡ ಅಂದರೆ ಬುದ್ಧಿ ಹೇಳೋದೂ ಆಗಬಹುದು, ಊರಿಂದ ಹೊರಗಿಡೋದೂ ಆಗಬಹುದು. ಎರಡನ್ನೂ ಒಂದೇ ಕಾಲಂಗೆ ಹಾಕಿದರೆ ಬಹಿಷ್ಕಾರವೂ ಬರೀ ಅಭಿಪ್ರಾಯದ ಲೆಕ್ಕಕ್ಕೆ ಸೇರಿಬಿಡುತ್ತೆ. ಬೇರೆ ಬೇರೆ ಮಾಡಿಸಿ.

ಇದಕ್ಕೆ ಸರಿಯಾದ ಉದಾಹರಣೆ 1954ರ ವಿಶೇಷ ವಿವಾಹ ಕಾಯ್ದೆ, ಅಂದರೆ ಜಾತಿ-ಧರ್ಮ ಬೇರೆಯಾದವರೂ ಮದುವೆಯಾಗಬಹುದಾದ ಕಾನೂನು. ಇಬ್ಬರಲ್ಲಿ ಒಬ್ಬರಾದರೂ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಮದುವೆಯಾಗ್ತೀವಿ ಅಂತ ಅವರು ಕೊಟ್ಟ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸ್ತಾರೆ, ಆಕ್ಷೇಪಣೆಗೆ 30 ದಿನ. ಆದರೆ ಆಕ್ಷೇಪಣೆಗೆ ಕಾರಣ ಕೆಲವೇ: ವಯಸ್ಸು (ಗಂಡಿಗೆ 21, ಹೆಣ್ಣಿಗೆ 18), ಈಗಾಗಲೇ ಗಂಡ ಅಥವಾ ಹೆಂಡತಿ ಇರೋದು, ಮಾನಸಿಕ ಸಾಮರ್ಥ್ಯ, ಕಾನೂನು ನಿಷೇಧಿಸಿದ ಹತ್ತಿರದ ನೆಂಟಸ್ತಿಕೆ. ಜಾತಿ ಬೇರೆ, ಅಪ್ಪ-ಅಮ್ಮನಿಗೆ ಇಷ್ಟವಿಲ್ಲ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಮದುವೆ ತಡೆಯೋಕೆ ಕಾನೂನು ಊರಿಗೆ ಅಧಿಕಾರ ಕೊಟ್ಟಿಲ್ಲ, ಆದರೆ ಗೋಡೆಗೆ ಅಂಟಿಸಿದ ಆ ಹಾಳೆಯಿಂದ ಊರಿಗೆ ಸುದ್ದಿ ಮುಟ್ಟುತ್ತೆ. ಒತ್ತಡ ಶುರುವಾಗೋದು ಅಲ್ಲಿಂದ. ಈ ನೋಟಿಸ್ ಇರಬೇಕೇ ಬೇಡವೇ ಅಂತ ಕೇಳಿ, ಅರ್ಧ ಗಂಟೆ ಅದಕ್ಕೇ ಬೇಕು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್, ನಾಲ್ಕು ಕಾಲಂ ಮಾಡ್ತೀನಿ. ಶಾಲೆಯ ಮೊಟ್ಟೆ ವಿಷಯ ತಗೊಳ್ಳಲೋ ಬೇಡವೋ?

ಉತ್ತರ 1 (ಮಧುಗಿರಿ)

ತಗೊಳ್ಳಿ, ಕೊನೆಗಿರಲಿ. ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಇರೋದರಿಂದ ಬಲವಂತದ ಪ್ರಶ್ನೆ ಬರಲ್ಲ. ಬರೋ ಪ್ರಶ್ನೆ ಬೇರೆ: ಮೊಟ್ಟೆ ಬೇಕು ಅಂತ ಮೂರನೇ ಕ್ಲಾಸಿನ ಮಗು ಕೈ ಎತ್ತಿದೆ, ಬೇಡ ಅಂತ ಅಪ್ಪ ಚೀಟಿ ಕೊಟ್ಟು ಕಳಿಸಿದ್ದಾನೆ. ಆಯ್ಕೆ ಯಾರದು?