ತಮ್ಮನ ಬಂಧನಕ್ಕೆ 52 ದಿನ: ಯಾವ ತೀರ್ಪು ಕೈಹಿಡಿಯುತ್ತದೆ?

ಪ್ರಶ್ನೆ: ಮೇಡಂ, ನನ್ನ ತಮ್ಮನನ್ನು ವಂಚನೆ ಪ್ರಕರಣದಲ್ಲಿ ಬಂಧಿಸಿದ್ದಾರೆ. ಬಂಧನದ ದಿನವನ್ನೂ ಸೇರಿಸಿದರೆ ಇಂದಿಗೆ 52ನೇ ದಿನ. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಕಳುಹಿಸಿದರು. ಹಾಕಿರುವುದು ಭಾರತೀಯ ನ್ಯಾಯ ಸಂಹಿತೆಯ 318(4) ಒಂದೇ. ಅವನ ಕೈಗೆ ಕೊಟ್ಟ ಕಾಗದದಲ್ಲಿ ‘ಬಂಧನಕ್ಕೆ ಕಾರಣ’ ಎಂಬಲ್ಲಿ ‘ತನಿಖೆಗೆ ಅಗತ್ಯವಿರುವುದರಿಂದ’ ಎಂದಷ್ಟೇ ಬರೆದಿದೆ. 2025ರ ನವೆಂಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಂಥ ಬಂಧನ ಅಕ್ರಮ ಎಂದು ಓದಿದೆ. ಬಂಧನ ಆ ತೀರ್ಪಿನ ನಂತರದ್ದು. ಪ್ರಕರಣವೇ ಬಿದ್ದುಹೋಗುತ್ತದೆಯೇ?

ಉತ್ತರ: ಪ್ರಕರಣ ಬೀಳುವುದಿಲ್ಲ. ಬೀಳಬಹುದಾದದ್ದು ಬಂಧನ. ಎರಡೂ ಬೇರೆ ಬೇರೆ ಎಂದು 2025ರ ಫೆಬ್ರವರಿ 7ರ ವಿಹಾನ್ ಕುಮಾರ್ ತೀರ್ಪು ಸ್ಪಷ್ಟವಾಗಿ ಹೇಳಿದೆ. ಬಂಧನ ಅಸಿಂಧುವಾದರೂ ತನಿಖೆ, ಆರೋಪಪಟ್ಟಿ, ವಿಚಾರಣೆ ಉಳಿದುಕೊಳ್ಳುತ್ತವೆ.

ನೀವು ಓದಿದ್ದು ನವೆಂಬರ್ 6ರ ಮಿಹಿರ್ ರಾಜೇಶ್ ಶಾ ಪ್ರಕರಣದ ತೀರ್ಪು. ಬಂಧನದ ಆಧಾರಗಳನ್ನು ಎಲ್ಲ ಅಪರಾಧಗಳಲ್ಲೂ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ ಕೊಡಬೇಕು. ಆ ಕ್ಷಣದಲ್ಲಿ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಬಂಧನ ಮುಂದುವರಿಸುವ ಮ್ಯಾಜಿಸ್ಟ್ರೇಟರ ಆದೇಶಕ್ಕೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮುಂಚೆ ಕಾಗದ ಕೊಡಬೇಕು. ಕೊಡದಿದ್ದರೆ ಬಂಧನವೂ ರಿಮಾಂಡೂ ಅಕ್ರಮ. ಆದರೆ ಬಿಡುಗಡೆಯಾದ ಮೇಲೆ ಆಧಾರಗಳನ್ನು ಸರಿಯಾಗಿ ಕೊಟ್ಟು ಪೊಲೀಸರು ಮತ್ತೆ ಕಸ್ಟಡಿ ಕೇಳಬಹುದು. ಅದಕ್ಕೂ ಮನಸ್ಸನ್ನು ಸಿದ್ಧಮಾಡಿಕೊಂಡಿರಿ.

ಆ ಕಾಗದವನ್ನು ಜೋಪಾನ ಮಾಡಿ. ‘ತನಿಖೆಗೆ ಅಗತ್ಯ’ ಎಂಬುದನ್ನು ಯಾವ ಆರೋಪಿಯ ಮೆಮೊದಲ್ಲಿ ಬೇಕಾದರೂ ಬರೆಯಬಹುದು. ನಿಮ್ಮ ತಮ್ಮ ಯಾರಿಂದ, ಏನು ಹೇಳಿ, ಯಾವ ಹಣ ಪಡೆದ ಎಂಬ ಆರೋಪದ ಒಂದು ಸಾಲೂ ಅಲ್ಲಿ ಇಲ್ಲ. ಎಲ್ಲರಿಗೂ ಹೊಂದುವ ಸಾಮಾನ್ಯ ಕಾರಣ ಬೇರೆ, ಈ ವ್ಯಕ್ತಿಗೇ ಸೇರಿದ ಆಧಾರ ಬೇರೆ ಎಂಬ ವ್ಯತ್ಯಾಸವನ್ನು 2024ರ ಪ್ರಬೀರ್ ಪುರಕಾಯಸ್ಥ ತೀರ್ಪು ಬಿಡಿಸಿ ತೋರಿಸಿದೆ. ಆಧಾರ ತಿಳಿಸಿದ್ದೇವೆ ಎಂದು ಸಾಬೀತುಪಡಿಸುವ ಹೊಣೆಯೂ ಪೊಲೀಸರದ್ದೇ.

ಬಂಧನ ತೀರ್ಪಿನ ನಂತರದ್ದು ಎಂದು ಹೇಳಿದ್ದು ಒಳ್ಳೆಯದಾಯಿತು. 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, ಅಕ್ರಮ ಹಣ ವರ್ಗಾವಣೆ ಕಾಯ್ದೆಯಡಿ ಬಂಧಿಸುವಾಗ ಲಿಖಿತ ಆಧಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ತೀರ್ಪಿನಲ್ಲಿ ‘ಇನ್ನು ಮುಂದೆ’ ಎಂಬರ್ಥದ ಒಂದು ಪದವಿತ್ತು. ಅದೇ ವರ್ಷದ ಜೂನ್‌ನಲ್ಲಿ ಬಂಧಿತರಾಗಿದ್ದ ಇನ್ನೊಬ್ಬ ಆರೋಪಿಗೆ ಆ ಒಂದೇ ಪದದಿಂದಾಗಿ ಅದರ ಲಾಭ ಸಿಗಲಿಲ್ಲ. ಮಿಹಿರ್ ಶಾ ತೀರ್ಪೂ ಮುಂದಿನ ಬಂಧನಗಳಿಗೇ ಅನ್ವಯ. ತೀರ್ಪಿನ ಸುದ್ದಿ ಓದುವಾಗ ಅದು ಯಾವ ದಿನದಿಂದ ಜಾರಿ ಎಂಬುದನ್ನು ಮೊದಲು ನೋಡಿ.

ಇನ್ನೊಂದು ಮಾತು. 318(4)ಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವಂತಿಲ್ಲ, ಏಕೆ ಬೇಕಾಯಿತು ಎಂದು ದಾಖಲಿಸಬೇಕು, ಮ್ಯಾಜಿಸ್ಟ್ರೇಟರೂ ಅದನ್ನು ಪರಿಶೀಲಿಸದೆ ರಿಮಾಂಡ್ ಕೊಡಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ವಿಧಿಸಿದೆ. ರಿಮಾಂಡ್ ಆದೇಶದ ದೃಢೀಕೃತ ಪ್ರತಿ ತೆಗೆಸಿ. ಬಂಧನಕ್ಕೆ ಮುಂಚೆ ಹಾಜರಾಗಲು ನೋಟಿಸ್ ಬಂದಿತ್ತೇ?

ಪ್ರಶ್ನೆ ಕೇಳಿದವರು: ನೋಟಿಸ್ ಬಂದಿರಲಿಲ್ಲ ಮೇಡಂ. ಇನ್ನೊಂದು ಭಯವಿದೆ. ಠಾಣೆಯಲ್ಲಿ ‘ಹಣ ನಾನೇ ತೆಗೆದುಕೊಂಡೆ, ಲೆಕ್ಕದ ಪುಸ್ತಕ ಅಟ್ಟದ ಮೇಲಿದೆ’ ಎಂದು ಹೇಳಿ ಸಹಿ ಹಾಕಿದ್ದಾನೆ. ಪುಸ್ತಕ ಅಲ್ಲೇ ಸಿಕ್ಕಿತು.

ಉತ್ತರ: ಸಹಿ ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಪತ್ತೆಗೆ ನೇರವಾಗಿ ಕಾರಣವಾದ ಭಾಗಕ್ಕೆ ಮಾತ್ರ ಬೆಲೆ. ಈ ಗೆರೆಯನ್ನು ಎಳೆದದ್ದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್, ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ. ‘ಮನೆಯ ಛಾವಣಿಯಲ್ಲಿ ಬಚ್ಚಿಟ್ಟ ಚಾಕುವನ್ನು ತೋರಿಸುತ್ತೇನೆ’ ಎಂಬುದನ್ನು ಒಪ್ಪಬಹುದು, ‘ಅದರಿಂದಲೇ ಇರಿದೆ’ ಎಂಬುದನ್ನು ಒಪ್ಪುವಂತಿಲ್ಲ. ನಿಮ್ಮ ತಮ್ಮನ ಮಾತಿನಲ್ಲಿ ಅಟ್ಟದ ಪುಸ್ತಕ ಉಳಿಯುತ್ತದೆ, ‘ನಾನೇ ತೆಗೆದುಕೊಂಡೆ’ ಎಂಬುದು ಹೊರಗೆ. ಪುಸ್ತಕದ ಒಳಗೇನಿದೆ ಎಂಬುದನ್ನು ಮಾತ್ರ ವಿಚಾರಣೆಯಲ್ಲಿ ಎದುರಿಸಲೇಬೇಕು.

ಇನ್ನೊಬ್ಬ ಸದಸ್ಯರು: ನಾನೂ ಹಣ ಕಳೆದುಕೊಂಡವನು. ಇಂಥ ತೀರ್ಪುಗಳೆಲ್ಲ ಆರೋಪಿಗಳ ಪರವೇ ಅಲ್ಲವೇ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ ಸರ್. ಆದರೆ ಹೊಣೆಯನ್ನು ಬಿಗಿ ಮಾಡಿದ ತೀರ್ಪುಗಳೂ ಇವೆ. ಮಕ್ಕಳ ಅಶ್ಲೀಲ ವಿಡಿಯೊವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ನೋಡಿದರಷ್ಟೇ ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಪ್ರಕರಣ ರದ್ದಾಗಿ ಪಾರಾಗಿದ್ದ ಆರೋಪಿ ಮತ್ತೆ ವಿಚಾರಣೆ ಎದುರಿಸಬೇಕಾಯಿತು. ಇನ್ನೊಂದು ಕಡೆ, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕುವುದನ್ನು ಅಪರಾಧವಾಗಿಸಿದ್ದ, 2015ರಲ್ಲೇ ರದ್ದಾದ ಐಟಿ ಕಾಯ್ದೆಯ 66ಎ ಸೆಕ್ಷನ್ ಅಡಿ ವರ್ಷಗಟ್ಟಲೆ ಪ್ರಕರಣ ಹಾಕುತ್ತಲೇ ಇದ್ದರು. ಯಾರನ್ನೂ ಅದರಡಿ ವಿಚಾರಣೆಗೆ ಒಳಪಡಿಸಬಾರದು ಎಂದು 2022ರಲ್ಲಿ ಮತ್ತೆ ಆದೇಶಿಸಬೇಕಾಯಿತು. ಇಲ್ಲದ ಕಾನೂನಿನಡಿ ಠಾಣೆಯ ಮೆಟ್ಟಿಲು ಹತ್ತಿದವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು: 60 ದಿನ ಕಳೆದರೆ ತಾನಾಗಿಯೇ ಜಾಮೀನು ಸಿಗುತ್ತದೆ ಎಂದು ಯಾರೋ ಹೇಳಿದರು. ಹಾಗಾದರೆ ಕಾಯೋಣವೇ?

ಉತ್ತರ: 60 ದಿನದೊಳಗೆ ಆರೋಪಪಟ್ಟಿ ಬಾರದಿದ್ದರೆ ಜಾಮೀನು ಆರೋಪಿಯ ಹಕ್ಕು, ಆದರೆ ತಾನಾಗಿಯೇ ಸಿಗುವುದಿಲ್ಲ. ಕೇಳಬೇಕು, ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲೇ ಕೇಳಬೇಕು. ನೀವು ಕೇಳುವ ಹತ್ತು ನಿಮಿಷ ಮೊದಲು ಆರೋಪಪಟ್ಟಿ ಬಂದರೂ ಈ ಹಕ್ಕು ಹೋಯಿತು. ಮೊದಲು ಕೇಳಿದ್ದರೆ, ಆಮೇಲೆ ಬರುವ ಆರೋಪಪಟ್ಟಿ ಅದನ್ನು ಕಸಿಯಲಾರದು ಎಂದು 2020ರ ಎಂ. ರವೀಂದ್ರನ್ ತೀರ್ಪು ಹೇಳುತ್ತದೆ. ಮೌಖಿಕವಾಗಿ ಕೇಳಿದರೂ ಸಾಕು ಎಂದು 2017ರಲ್ಲಿ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ ಹೇಳಿದ್ದಾರೆ. ಆದರೂ ಲಿಖಿತ ಅರ್ಜಿಯನ್ನೇ ಕೊಟ್ಟು, ಸ್ವೀಕೃತಿಯಲ್ಲಿ ದಿನಾಂಕದ ಜೊತೆ ಗಂಟೆ, ನಿಮಿಷವನ್ನೂ ಬರೆಸಿಕೊಳ್ಳಿ.

ಎಣಿಕೆ ಬಂಧನದ ದಿನದಿಂದ ಅಲ್ಲ, ಮೊದಲ ರಿಮಾಂಡಿನ ದಿನದಿಂದ. 2023ರ ಕಪಿಲ್ ವಾಧವಾನ್ ತೀರ್ಪಿನಂತೆ ರಿಮಾಂಡಿನ ದಿನವೇ ಮೊದಲ ದಿನ. ಹಾಗಾಗಿ ನಿಮಗೆ ಇಂದು 51ನೇ ದಿನ. 60ನೇ ದಿನದ ಕೊನೆಯವರೆಗೂ ಆರೋಪಪಟ್ಟಿ ಬಾರದಿದ್ದರೆ 61ನೇ ದಿನ ಕೋರ್ಟ್ ಕಲಾಪ ಆರಂಭವಾಗುವ ಹೊತ್ತಿಗೆ ಅರ್ಜಿಯೂ ಜಾಮೀನುದಾರರೂ ಅಲ್ಲಿರಬೇಕು. ಅಷ್ಟರೊಳಗೆ ಹತ್ತು ವರ್ಷ ಅಥವಾ ಹೆಚ್ಚಿನ ಕನಿಷ್ಠ ಶಿಕ್ಷೆಯ, ಇಲ್ಲವೇ ಜೀವಾವಧಿಯವರೆಗೆ ಶಿಕ್ಷೆ ಇರುವ ಖೋಟಾ ದಾಖಲೆಯಂಥ ಸೆಕ್ಷನ್ ಸೇರಿಸಿದ್ದಾರೆಯೇ ಎಂದು ವಕೀಲರಿಂದ ತಿಳಿದುಕೊಳ್ಳಿ. ಸೇರಿಸಿದ್ದರೆ 60 ಅಲ್ಲ, 90 ದಿನ.

ಬಂಧನ ಅಕ್ರಮ ಎಂಬ ಅರ್ಜಿಗೆ ಆ ದಿನದವರೆಗೆ ಕಾಯಬೇಕಾಗಿಲ್ಲ. ಅದನ್ನು ನಾಳೆಯೇ ಹಾಕಿಸಿ.