ಪದ ಬೇಕು (ತುರ್ತು): 'ಸ್ಪಾಟ್ ಇಂಟೆನ್ಸಿಟಿ'ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಶಾಲಾ ಮಕ್ಕಳಿಗೆ ಒಂದು ಪ್ರದರ್ಶನ ಇದೆ, ನಾಲ್ಕು ಫಲಕಗಳ ಬರಹ ನನ್ನ ತಲೆಗೆ ಬಿದ್ದಿದೆ. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡುವ ಡಿಎನ್‌ಎ ಮೈಕ್ರೊಅರೇಯಲ್ಲಿ ಗಾಜಿನ ಪಟ್ಟಿ ಮೇಲೆ ಹಸಿರು, ಕೆಂಪು ಹೊಳೆಯುವ ಚುಕ್ಕೆಗಳು. ಪ್ರೋಟೀನ್‌ಗಳನ್ನು ಬೇರ್ಪಡಿಸುವ ಜೆಲ್ ಮೇಲೆ ನೀಲಿ ಬಣ್ಣ ಹಿಡಿದ ಪ್ರೋಟೀನ್ ಚುಕ್ಕೆಗಳು. ಹರಳಿಗೆ ಎಕ್ಸ್-ರೇ ಹಾಯಿಸಿದಾಗ ಬೀಳುವ ಚುಕ್ಕೆಗಳು. ಕೊನೆಗೆ ಸೂರ್ಯನ ಕಲೆಗಳು. ನಾಲ್ಕರಲ್ಲೂ 'ಸ್ಪಾಟ್ ಇಂಟೆನ್ಸಿಟಿ' ಬರುತ್ತದೆ. 'ಚುಕ್ಕೆ ತೀವ್ರತೆ' ಅಂತ ಬರೆದಿದ್ದೇನೆ, ಓದಿದರೆ ಯಾಕೋ ಒಗ್ಗುತ್ತಿಲ್ಲ. ಏಳನೇ ಕ್ಲಾಸಿನವರಿಗೆ ಅರ್ಥ ಆಗಬೇಕು.
— ಕುವೆಂಪುನಗರ, ಮೈಸೂರು

ಅರಿಸಮಾಸ, ಕನ್ನಡದ 'ಚುಕ್ಕೆ'ಗೆ ಸಂಸ್ಕೃತದ 'ತೀವ್ರತೆ' ಅಂಟಿಸಿದ್ದು. ವೈಯಾಕರಣ ಕೇಶಿರಾಜನೇ ಬೇಡ ಅಂದಿದ್ದಾನೆ, ಮತ್ತೆ ಬಿಡಿಸಿ ಹೇಳುವುದಿಲ್ಲ. ಹಳಗನ್ನಡದಲ್ಲಿ 'ಕಡುಪು' ಇದೆ. ಕಡುಗೆಂಪು, ಕಡುಬಡತನದಲ್ಲಿ ಇರುವುದೂ ಅದೇ 'ಕಡು'. 'ಚುಕ್ಕೆಗಡುಪು' ಅನ್ನಿ, ಮುಗೀತು. ಬೇರು ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವ ಚಾಳಿ ಪಠ್ಯಪುಸ್ತಕದವರದು, ನೀವೂ ಯಾಕೆ ಹಿಡಿಯುತ್ತೀರಿ?
— ಸರಸ್ವತಿಪುರಂ

ಸಾರ್, ಚುಕ್ಕೆಗಡುಪು ಅಂದರೆ ಮಕ್ಕಳು ಕಡುಬು ಅಂದುಕೊಂಡು ಸಾಲು ನಿಲ್ಲುತ್ತವೆ. ಅರಿಸಮಾಸ ಬೇಡವೇ ಬೇಡ ಅಂದರೆ 'ಮಂಗಳಾರತಿ'ಯನ್ನೂ ಬಿಡಿ. ಇಲ್ಲವಾದರೆ ನಡುವೆ ಒಂದು 'ಯ' ಹಾಕಿ, 'ಚುಕ್ಕೆಯ ತೀವ್ರತೆ'. ಸಮಾಸವೇ ಇಲ್ಲದ ಮೇಲೆ ಅರಿ ಎಲ್ಲಿಂದ ಬಂತು?

ಕೇಳಿದವರಿಗೆ ಒಗ್ಗದೆ ಇರುವುದಕ್ಕೆ ಕಾರಣ ಬೇರೆ ಅನ್ನಿಸುತ್ತದೆ. ಮೈಕ್ರೊಅರೇಯಲ್ಲಿ ಚುಕ್ಕೆ ಹೊಳೆದಷ್ಟೂ ಸಂಖ್ಯೆ ಏರುತ್ತದೆ. ಜೆಲ್‌ನಲ್ಲಿ ಉಲ್ಟಾ, ಬಣ್ಣ ದಟ್ಟವಾದಷ್ಟೂ ಪ್ರೋಟೀನ್ ಜಾಸ್ತಿ. 1912ರಲ್ಲಿ ಜರ್ಮನಿಯ ಭೌತವಿಜ್ಞಾನಿ ಲೌಯೆ ಮತ್ತು ಸಂಗಡಿಗರು ಹರಳಿನ ಚುಕ್ಕೆಗಳನ್ನು ಕಂಡದ್ದು ಫೋಟೊ ಪ್ಲೇಟಿನಲ್ಲಿ, ಅಲ್ಲೂ ಎಕ್ಸ್-ರೇ ಜಾಸ್ತಿ ಬಿದ್ದ ಕಡೆ ಕಪ್ಪು. ಸೂರ್ಯನ ಕಲೆಯಲ್ಲಿ ಮಾತ್ರ ಕಪ್ಪು ಅಂದರೆ ಬೆಳಕೇ ಕಡಿಮೆ. ಸುತ್ತ ಸುಮಾರು 5,800 ಕೆಲ್ವಿನ್ ಇದ್ದರೆ ಕಲೆಯ ನಡುವೆ ಸುಮಾರು 4,000. ಈಗ 'ಹೊಳಪು' ಅಂದರೆ ಜೆಲ್ ಕೆಡುತ್ತದೆ, 'ದಟ್ಟತೆ' ಅಂದರೆ ಸೂರ್ಯ ಕೆಡುತ್ತಾನೆ. ತೀವ್ರತೆಗೆ ಆ ಹಂಗಿಲ್ಲ, ಅದೇ ಇರಲಿ.

ಆದರೆ ಸರಾಸರಿಯೋ ಒಟ್ಟೋ ಹೇಳಿ. ಮೈಕ್ರೊಅರೇಯವರು ಚುಕ್ಕೆಯೊಳಗಿನ ಪಿಕ್ಸೆಲ್‌ಗಳ ಸರಾಸರಿ ಅಥವಾ ಮಧ್ಯಾಂಕ (ಮೀಡಿಯನ್) ತೆಗೆದು ಸುತ್ತಲಿನ ಹಿನ್ನೆಲೆಯ ಬೆಳಕನ್ನು ಕಳೆಯುತ್ತಾರೆ. 16 ಬಿಟ್ ಸ್ಕ್ಯಾನರ್ ಆದರೆ ಪಿಕ್ಸೆಲ್ 65,535 ಮುಟ್ಟಿದ ಮೇಲೆ ಏರುವುದಿಲ್ಲ, ಅಂಥ ಚುಕ್ಕೆಯ ಲೆಕ್ಕ ನಂಬುವ ಹಾಗಿಲ್ಲ. ಜೆಲ್‌ನವರೂ ಹರಳಿನವರೂ ಹಿನ್ನೆಲೆ ಕಳೆದು ಇಡೀ ಚುಕ್ಕೆಯನ್ನು ಕೂಡಿಸುತ್ತಾರೆ. ಅಗಲಕ್ಕೆ ಹರಡಿದ ಮಸುಕು ಚುಕ್ಕೆಯ ಒಟ್ಟು ಮೊತ್ತ ಪುಟ್ಟ ದಟ್ಟ ಚುಕ್ಕೆಯದನ್ನು ಮೀರಬಹುದು. ಮಕ್ಕಳಿಗೆ ತೋರಿಸಬೇಕಾದ್ದು ಅದು, ಕೇಶಿರಾಜ ಅಲ್ಲ.
— ಜಯಲಕ್ಷ್ಮೀಪುರಂ, ಲ್ಯಾಬಿನಲ್ಲಿ ಜೆಲ್ ಹಾಕಿ ಬೆರಳು ನೀಲಿ ಮಾಡಿಕೊಂಡವಳು

ಮೇಡಂ, ಮಂಡ್ಯದ ಕಡೆ ಈ ಫಲಕ ತರಬೇಡಿ. ನಮ್ಮಲ್ಲಿ ಚುಕ್ಕೆ ಅಂದರೆ ಭತ್ತದ ಕಂದುಚುಕ್ಕೆ ರೋಗ. ರೋಗದ ತೀವ್ರತೆ ಅಂದರೆ ಎಲೆಯ ವಿಸ್ತೀರ್ಣದಲ್ಲಿ ನೂರಕ್ಕೆ ಎಷ್ಟು ಪಾಲು ಹೋಗಿದೆ ಅಂತ. ಚುಕ್ಕೆ ಎಷ್ಟು ಕಂದು ಆಗಿದೆ ಅಂತ ಯಾರೂ ನೋಡುವುದಿಲ್ಲ. ರೈತರ ಮಕ್ಕಳು 'ಚುಕ್ಕೆಯ ತೀವ್ರತೆ' ಓದಿದರೆ ಔಷಧಿ ಯಾವುದು ಅಂತ ಕೇಳುತ್ತಾರೆ. 'ಬೊಟ್ಟು' ಅಂತ ಮಾಡಿ ನೋಡಿ.
— ಮಂಡ್ಯ

ಬೊಟ್ಟಂತೆ! ಹಣೆಗೆ ಇಟ್ಟುಕೊಳ್ಳಲಿಕ್ಕೆ. ಲ್ಯಾಬಿನಲ್ಲಿ ಎಲ್ಲರೂ ಸ್ಪಾಟ್ ಅಂತಲೇ ಅನ್ನುತ್ತಾರೆ, ಬಾಯಲ್ಲಿ ಇರುವುದನ್ನು ಬರೆಯಲಿಕ್ಕೆ ಏನು ಕಷ್ಟ? ಜೆಲ್, ಪಿಕ್ಸೆಲ್, ಸ್ಕ್ಯಾನರ್‌ಗೆ ತಕರಾರಿಲ್ಲ, ಇಂಟೆನ್ಸಿಟಿಗೆ ಮಾತ್ರ ಮಡಿ. 'ಸ್ಪಾಟ್ ಇಂಟೆನ್ಸಿಟಿ' ಅಂತ ಕನ್ನಡ ಲಿಪಿಯಲ್ಲಿ ಹಾಕಿ ಕೈ ತೊಳೆದುಕೊಳ್ಳಿ.
— ವಿಜಯನಗರ, ಮೈಸೂರು

ಜೆಲ್ ವಸ್ತು, ವಸ್ತುವಿನ ಜೊತೆ ಹೆಸರು ಬರುತ್ತದೆ. ತೀವ್ರತೆ ಗುಣ, ಗುಣಕ್ಕೆ ಹೆಸರು ನಾವೇ ಇಡಬೇಕು. ಇಷ್ಟೂ ಗೊತ್ತಿಲ್ಲದೆ ಪದಚರ್ಚೆಗೆ ಬರಬಾರದು. ಹೀಗೇ ಬಿಟ್ಟರೆ ನಾಳೆ ಕೆಂಪಿಗೂ ರೆಡ್ ಅನ್ನುತ್ತೀರಿ. ಕಡುಪು ಬಿಟ್ಟು ಬೇರೆ ಯಾವುದಕ್ಕೂ ನನ್ನ ಒಪ್ಪಿಗೆ ಇಲ್ಲ.
— ಸರಸ್ವತಿಪುರಂ

ನಿಮ್ಮ ಒಪ್ಪಿಗೆ ಕೇಳಿದವರು ಯಾರು ಸಾರ್? ನಮ್ಮೂರಿನ 'ಸಕ್ಕರೆ ಕಾರ್ಖಾನೆ'ಯಲ್ಲಿ ಸಕ್ಕರೆ 'ಶರ್ಕರಾ'ದಿಂದ ಬಂದದ್ದು, ಕಾರ್ಖಾನೆ ಪಾರ್ಸಿಯದು. ಕಬ್ಬು ಮಾತ್ರ ನಮ್ಮದು. ಹೆಸರು ಬೆರಕೆ ಅಂತ ಅರೆಯುವುದು ನಿಂತಿಲ್ಲ.
— ಮಂಡ್ಯ

ಜಗಳ ಆಮೇಲೆ ಆಡಿ ಸಾರ್, ಫ್ಲೆಕ್ಸ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಹೀಗೆ ಕಳಿಸುತ್ತಿದ್ದೇನೆ. ಮೈಕ್ರೊಅರೇಗೆ 'ಚುಕ್ಕೆಯ ಬೆಳಕಿನ ತೀವ್ರತೆ (ಸರಾಸರಿ)'. ಜೆಲ್‌ಗೆ 'ಚುಕ್ಕೆಯ ಬಣ್ಣದ ತೀವ್ರತೆ (ಒಟ್ಟು)'. ಹರಳಿಗೆ 'ಚುಕ್ಕೆಯ ಎಕ್ಸ್-ರೇ ತೀವ್ರತೆ (ಒಟ್ಟು)'. ಸೂರ್ಯನಿಗೆ ಚುಕ್ಕೆ ಬೇಡ, 'ಕಲೆಯ ಬೆಳಕಿನ ತೀವ್ರತೆ, ಸುತ್ತಲಿನದಕ್ಕೆ ಹೋಲಿಸಿದರೆ'. ಯಾವುದರ ತೀವ್ರತೆ ಅಂತ ಹೇಳಿಬಿಟ್ಟರೆ ಮಂಡ್ಯದವರ ಭತ್ತಕ್ಕೂ ಗೊಂದಲ ಇಲ್ಲ ಅಲ್ವಾ? ಜೆಲ್ ಮೇಡಂ, 'ಬಣ್ಣದ' ಸರಿಯೋ 'ಬಣ್ಣ ಹಿಡಿದ' ಸರಿಯೋ, ಅದೊಂದು ಬೇಗ ಹೇಳಿ.
— ಕುವೆಂಪುನಗರ

'ಬಣ್ಣದ' ಸಾಕು. ಕಳಿಸಿ.
— ಜಯಲಕ್ಷ್ಮೀಪುರಂ