ಅತ್ತೆ ಕುಣಿಯುವ ಬ್ಯಾಲೆಗೆ ಹೊರಡುವ ಮುನ್ನ

"ಬ್ಯಾಲೆಯಲ್ಲಿ ಅತ್ತೆಯರು ಇರುವುದಿಲ್ಲ ಎಂದು ನೃತ್ಯ ಸಂಯೋಜಕ ಬಾಲಂಚೀನ್ ಹೇಳಿದ್ದಾನೆ" ಎಂದು ಶೆಟ್ಟರು ಮಾತಿಗೆ ಮುಹೂರ್ತ ಇಟ್ಟರು.

"ಅದಕ್ಕೇ ಜನ ಅಷ್ಟು ದುಡ್ಡು ಕೊಟ್ಟು ಹೋಗುತ್ತಾರೆ" ಎಂದರು ಪದ್ಮಕ್ಕ.

2022ರ ಮೇ ತಿಂಗಳ ಕೊನೆಯ ಭಾನುವಾರ. ಲಂಡನ್ನಿನ ಸೌತ್ ಹ್ಯಾರೋದಲ್ಲಿರುವ ಪದ್ಮಕ್ಕನ ಮನೆಯಲ್ಲಿ ಊಟ ಮುಗಿದಿತ್ತು, ಯಾರೂ ಏಳುವ ಲಕ್ಷಣ ಇರಲಿಲ್ಲ. ಕೋವೆಂಟ್ ಗಾರ್ಡನ್ನಿನ ರಾಯಲ್ ಆಪೆರಾ ಹೌಸಿನಲ್ಲಿ ಜೂನ್ 2ರಂದು 'ಲೈಕ್ ವಾಟರ್ ಫಾರ್ ಚಾಕೊಲೇಟ್' ಎಂಬ ಹೊಸ ಕಥಾ ಬ್ಯಾಲೆಯ ಮೊದಲ ಪ್ರದರ್ಶನ. ನಮ್ಮ ಟಿಕೆಟ್ ಅದರ ಮುಂದಿನ ವಾರದ್ದು. ಕಥೆ ಮೆಕ್ಸಿಕೋದ ಲೌರಾ ಎಸ್ಕಿವೆಲ್ 1989ರಲ್ಲಿ ಪ್ರಕಟಿಸಿದ ಕಾದಂಬರಿಯದ್ದು. ನೃತ್ಯ ಸಂಯೋಜನೆ ಕ್ರಿಸ್ಟೋಫರ್ ವೀಲ್ಡನ್, ಸಂಗೀತ ಜೋಬಿ ಟ್ಯಾಲ್ಬಟ್, ರಂಗಸಜ್ಜಿಕೆ ಬಾಬ್ ಕ್ರೌಲಿ. ಇದೇ ಮೂವರು 2011ರಲ್ಲಿ ವಂಡರ್‌ಲ್ಯಾಂಡಿನ ಆಲಿಸಳನ್ನೂ 2014ರಲ್ಲಿ ಷೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕವನ್ನೂ ಇದೇ ರಂಗದ ಮೇಲೆ ಕುಣಿಸಿದವರು. ಹೊಸ ಬ್ಯಾಲೆ ಎಂದರೆ ವಿಮರ್ಶೆ ಬಂದಿಲ್ಲ, ನೋಡಿಬಂದವರು ಯಾರೂ ಇಲ್ಲ, ಚೆನ್ನಾಗಿದೆಯೇ ಎಂದು ಫೋನು ಮಾಡಿ ಕೇಳಲು ದಾರಿ ಇಲ್ಲ. ಆದ್ದರಿಂದ ಚರ್ಚೆಗೆ ಅಡ್ಡಿಯೇ ಇರಲಿಲ್ಲ.

ಬಾಲಂಚೀನನ ಮಾತಿನ ತಾತ್ಪರ್ಯವನ್ನು ಶೆಟ್ಟರು ಬಿಡಿಸಿ ಹೇಳಿದರು. ಗಂಡು ಹೆಣ್ಣು ರಂಗಕ್ಕೆ ಬಂದರೆ ಪ್ರೀತಿ ಎಂದು ಗೊತ್ತಾಗುತ್ತದೆ. ಇನ್ನೊಬ್ಬ ಬಂದರೆ ಅಸೂಯೆ ಎಂದೂ ಗೊತ್ತಾಗುತ್ತದೆ. ಆದರೆ ಇವಳು ಅವನ ಹೆಂಡತಿಯ ತಾಯಿ ಎಂಬುದನ್ನು ಕಾಲಿನಿಂದ ಹೇಗೆ ಹೇಳುವುದು?

"ಕಾಲಿನಿಂದಲೇ ಹೇಳಬಹುದು. ನಮ್ಮ ಅತ್ತೆ ನಡೆದುಬರುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು" ಎಂದು ಪದ್ಮಕ್ಕ ಬಾಲಂಚೀನನನ್ನು ಅಲ್ಲಿಗೇ ತಳ್ಳಿಹಾಕಿದರು.

ಶೆಟ್ಟರು ಲೆಕ್ಕ ತಪಾಸಣೆಯ ಮನುಷ್ಯ. ದಾಖಲೆ ಇಲ್ಲದೆ ಸಿನಿಮಾಕ್ಕೂ ಹೋಗುವವರಲ್ಲ. ಕಾದಂಬರಿಯನ್ನು ಓದಿ ಮುಗಿಸಿ, ಪಾತ್ರಗಳ ವಂಶವೃಕ್ಷ ಬರೆದು, ನಮಗೆಲ್ಲ ಒಂದೊಂದು ಪ್ರತಿ ತಂದಿದ್ದರು. ಅದರಲ್ಲಿ ಮದುವೆಯಾದವರ ನಡುವೆ ನೇರ ಗೆರೆ, ಮದುವೆಯಾಗಬೇಕಾಗಿದ್ದವರ ನಡುವೆ ಚುಕ್ಕೆಯ ಗೆರೆ, ಯಾರಿಗೂ ಗೊತ್ತಾಗಬಾರದ ಸಂಬಂಧಕ್ಕೆ ಕೆಂಪು ಶಾಯಿ.

"ಟೀಟಾ ಮನೆಯ ಕಿರಿಯ ಮಗಳು. ಆ ಮನೆತನದ ಕಟ್ಟಳೆಯ ಪ್ರಕಾರ ಕಿರಿಯವಳು ಮದುವೆಯಾಗದೆ ತಾಯಿಯ ಚಾಕರಿ ಮಾಡಿಕೊಂಡಿರಬೇಕು. ಪೆಡ್ರೋ ಬಂದು ಟೀಟಾಳನ್ನು ಕೇಳುತ್ತಾನೆ. ತಾಯಿ ಎಲೆನಾ, ಅವಳನ್ನು ಕೊಡುವುದಿಲ್ಲ, ಬೇಕಾದರೆ ಅಕ್ಕ ರೊಸೌರಾಳನ್ನು ಮಾಡಿಕೋ ಎನ್ನುತ್ತಾಳೆ. ಟೀಟಾಳ ಹತ್ತಿರವಾದರೂ ಇರಬಹುದಲ್ಲ ಎಂದು ಇವನು ಒಪ್ಪುತ್ತಾನೆ."

"ಬುದ್ಧಿಗೇಡಿ" ಎಂದರು ಪದ್ಮಕ್ಕ.

"ಗಮನಿಸಿ, ಎಲೆನಾ ಈಗ ಪೆಡ್ರೋಗೆ ಏನಾದಳು?"

ಎಲ್ಲರ ಬೆರಳೂ ಗೆರೆಯ ಮೇಲೆ ಓಡಿ ಒಂದೇ ಕಡೆ ನಿಂತಿತು. ಅತ್ತೆ! ಅದೂ ಮೂಲೆಯಲ್ಲಿ ಕುಳಿತು ಕೆಮ್ಮುವ ಅತ್ತೆಯಲ್ಲ, ಸತ್ತ ಮೇಲೂ ದೆವ್ವವಾಗಿ ಬಂದು ಕಾಡುವವಳು. ಅಲ್ಲಿಗೆ ಬಾಲಂಚೀನ್ ಸೋತ. ಶೆಟ್ಟರು ಇನ್ನೂ ಒಂದು ಸಾಕ್ಷಿ ಹಾಕಿದರು: ನೃತ್ಯ ಸಂಯೋಜಕ ಕೆನೆತ್ ಮ್ಯಾಕ್‌ಮಿಲನ್ನನ 1978ರ 'ಮೇಯರ್ಲಿಂಗ್'. ಆಸ್ಟ್ರಿಯಾದ ಯುವರಾಜ ರುಡಾಲ್ಫನ ಕಥೆ. ಅದರಲ್ಲಿ ಅವನ ತಾಯಿ, ಸಾಮ್ರಾಜ್ಞಿ ಎಲಿಜಬೆತ್, ಸೊಸೆಯ ಕಣ್ಣೆದುರಿಗೇ ಇರುತ್ತಾಳೆ.

ಮೇಯರ್ಲಿಂಗ್ ವಿಷಯದಲ್ಲಿ ನನ್ನದೂ ಒಂದು ಮಾತಿದೆ. ಅದೊಂದು ದೊಡ್ಡ ಕೃತಿ, ಆದರೆ ಸಿದ್ಧತೆ ಇಲ್ಲದೆ ಹೋದವನ ಪಾಡು ನಾಯಿಪಾಡು. ರುಡಾಲ್ಫನ ಹೆಂಡತಿ ಸ್ಟೆಫನಿ, ತಾಯಿ ಎಲಿಜಬೆತ್, ಹಳೆಯ ಪ್ರೇಯಸಿ ಕೌಂಟೆಸ್ ಲಾರಿಷ್, ಇನ್ನೊಬ್ಬಳು ಮಿಟ್ಸಿ ಕ್ಯಾಸ್ಪರ್, ಕೊನೆಯಲ್ಲಿ ಅವನ ಜೊತೆ ಸಾಯುವ ಮೇರಿ ವೆಟ್ಸೆರಾ. ಎಲ್ಲರೂ ತುರುಬು ಕಟ್ಟಿದವರು, ಎಲ್ಲರೂ ಸಪೂರ ಕುತ್ತಿಗೆಯವರು, ಎಲ್ಲರನ್ನೂ ಅವನು ಎತ್ತಿ ತಿರುಗಿಸುತ್ತಾನೆ. ಮೇಲಿನ ಅಂತಸ್ತಿನಿಂದ ನೋಡಿದರೆ ಇವನು ಇಡೀ ರಾತ್ರಿ ಒಬ್ಬಳೊಡನೆಯೇ ಜಗಳವಾಡುತ್ತಿದ್ದಾನೆ ಎನ್ನಿಸುತ್ತದೆ. ಹೆಜ್ಜೆಗಳ ಹೆಸರು ಗೊತ್ತಿಲ್ಲದಿದ್ದರೆ ಏನೂ ನಷ್ಟವಿಲ್ಲ, ಯಾರು ಯಾರಿಗೆ ಏನಾಗಬೇಕು ಎಂಬುದು ಗೊತ್ತಿರಲೇಬೇಕು ಎಂದು ನಾನು ಶೆಟ್ಟರ ಪರ ವಹಿಸಿದೆ.

ಮಾಸ್ತರರಿಗೆ ಇದು ಸಮ್ಮತವಾಗಲಿಲ್ಲ. ಅವರು ಪದ್ಮಕ್ಕನ ಚಿಕ್ಕಪ್ಪ. ಹೊನ್ನಾವರದ ಕಡೆಯವರು, ಬೇಸಗೆಗೆ ಲಂಡನ್ನಿಗೆ ಬಂದವರು. ಆಯುಷ್ಯದ ಅರ್ಧ ರಾತ್ರಿಗಳನ್ನು ಯಕ್ಷಗಾನದ ರಂಗಸ್ಥಳದ ಮುಂದೆ ಕಳೆದವರು. "ನಾವು ಯಾವತ್ತೂ ಚೀಟಿ ಓದಿಕೊಂಡು ಆಟಕ್ಕೆ ಹೋದವರಲ್ಲ" ಎಂದು ವಂಶವೃಕ್ಷವನ್ನು ಮಡಿಸಿ ಕಿಸೆಯಲ್ಲಿಟ್ಟರು.

"ನೀವು ಓದುವ ಅಗತ್ಯ ಏನಿತ್ತು ಚಿಕ್ಕಪ್ಪ? ಗದಾಯುದ್ಧದಲ್ಲಿ ತೊಡೆ ಮುರಿಯುವುದು ಯಾರದ್ದೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು."

"ಅದನ್ನೇ ಹೇಳುತ್ತಿದ್ದೇನೆ. ಮುರಿಯುತ್ತದೆ ಎಂದು ಗೊತ್ತಿದ್ದೂ ಕೌರವನ ಮೇಲೆ ಮರುಕ ಹುಟ್ಟಿಸಬೇಕು. ಕಥೆ ತಿಳಿದರೆ ರಸ ಕೆಡುವುದಿಲ್ಲ. ಆದರೆ ಕಥೆಯನ್ನು ತಿಳಿಸುವ ಕೆಲಸ ಪ್ರೇಕ್ಷಕನದ್ದಲ್ಲ, ಮೇಳದ್ದು. ನಮ್ಮಲ್ಲಿ ಭಾಗವತ ಪದ್ಯ ಹೇಳುತ್ತಾನೆ, ವೇಷಧಾರಿ ಅರ್ಥ ಹೇಳುತ್ತಾನೆ. ಇಲ್ಲಿ ಮಾತು ಯಾರು ಆಡುತ್ತಾರೆ?"

"ಯಾರೂ ಆಡುವುದಿಲ್ಲ ಅಜ್ಜ" ಎಂದಳು ಮೇಘನಾ.

"ಯಾರೂ? ಒಬ್ಬ ಹಾಸ್ಯಗಾರನೂ?"

"ಒಬ್ಬನೂ ಇಲ್ಲ."

ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಾದರು. ಟಿಕೆಟಿನ ದುಡ್ಡು ವಾಪಸ್ ಬರುತ್ತದೆಯೇ ಎಂದು ಕೇಳುವವರಿದ್ದರೋ ಏನೋ.

ಮೇಘನಾ ಪಕ್ಕದ ಬೀದಿಯ ಹುಡುಗಿ. ಭರತನಾಟ್ಯ ಕಲಿತವಳು, ಬ್ಯಾಲೆಯನ್ನೂ ಬೇಕಾದಷ್ಟು ನೋಡಿದವಳು. "ನಮ್ಮ ನೃತ್ಯಕ್ಕೂ ಮಾತಿನ ಆಸರೆ ಇದೆ" ಎಂದು ಅವಳು ತನ್ನ ಪಕ್ಷವನ್ನೇ ಬಿಟ್ಟುಕೊಟ್ಟಳು. "ಗಾಯಕರು 'ಕೃಷ್ಣಾ ನೀ ಬೇಗನೆ ಬಾರೋ' ಎಂದು ಹಾಡುತ್ತಾರೆ, ನಾವು ಕೈ ಬೀಸಿ ಕರೆಯುತ್ತೇವೆ. ಹಾಡು ನಿಲ್ಲಿಸಿ ಬರೀ ಕೈ ಬೀಸಿದರೆ ಬಸ್ಸಿಗೆ ಕೈ ಮಾಡಿದಂತೆ ಕಾಣುತ್ತದೆ."

ಹಳೆಯ ಬ್ಯಾಲೆಯಲ್ಲಿ ಮಾತಿನ ಬದಲು ಕೈಸನ್ನೆಗಳಿವೆ ಎಂದು ಅವಳು ಎದ್ದು ನಿಂತು ತೋರಿಸಿದಳು. ನಾವು ಅರ್ಥ ಹೇಳಬೇಕು. ಮೊದಲು ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಒಂದರ ಸುತ್ತ ಒಂದನ್ನು ಸುತ್ತಿಸಿದಳು.

"ನೂಲು ಸುತ್ತುತ್ತಿದ್ದಾಳೆ" ಎಂದರು ಮಾಸ್ತರರು. ಅಲ್ಲವಂತೆ, ಅದು 'ಕುಣಿಯೋಣ'. ಮುಖದ ಸುತ್ತ ಅಂಗೈ ಆಡಿಸಿದಳು. "ಸೆಕೆ" ಎಂದರು ಶೆಟ್ಟರು. ಅದು 'ಚೆಲುವೆ'. ಎಡಗೈಯ ಉಂಗುರದ ಬೆರಳನ್ನು ತೋರಿಸಿದಾಗ ಮಾತ್ರ ಪದ್ಮಕ್ಕ ತಟ್ಟನೆ "ಮದುವೆ" ಎಂದು ಅಂಕ ಗಿಟ್ಟಿಸಿದರು. ಕೊನೆಗೆ ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಮುಂದೆ ಅಡ್ಡ ಹಾಕಿ ಕೆಳಕ್ಕೆ ಇಳಿಸಿದಳು.

"ಪೊಲೀಸರು ಹಿಡಿದರು!"

"ಸಾವು, ಅಂಕಲ್."

"ಮದುವೆ, ಅದರ ಬೆನ್ನಿಗೇ ಸಾವು. ಕ್ರಮ ಸರಿಯಾಗಿದೆ" ಎಂದು ಶೆಟ್ಟರು ಸೋಲನ್ನು ಮುಚ್ಚಿಕೊಂಡರು. ಪಕ್ಕದ ಕೋಣೆಯಲ್ಲಿದ್ದ ಶ್ರೀಮತಿ ಶೆಟ್ಟರು ಕೆಮ್ಮಿದರು.

ಇಷ್ಟೆಲ್ಲ ಕಲಿತ ಮೇಲೆ ಮೇಘನಾ ಹೇಳಿದ್ದೇನೆಂದರೆ, ಈ ಸನ್ನೆಗಳು 'ಸ್ವಾನ್ ಲೇಕ್', 'ಜಿಸೆಲ್' ಮುಂತಾದವುಗಳಲ್ಲಿ ಸಿಗುತ್ತವೆ, ಈಗಿನವರ ಹೊಸ ಕಥಾ ಬ್ಯಾಲೆಗಳಲ್ಲಿ ಇವು ಕಡಿಮೆ. ಅಂದರೆ ನಾವು ಹೋಗದ ಪರೀಕ್ಷೆಗೆ ಓದಿದ್ದೆವು. ಈಗಿನವರು ಹೇಳಬೇಕಾದದ್ದನ್ನು ಕುಣಿತದೊಳಗೇ ತುಂಬುತ್ತಾರಂತೆ. ವಿಂಟರ್ಸ್ ಟೇಲಿನಲ್ಲಿ ಹೆಂಡತಿಯ ಮೇಲೆ ಸಂಶಯಪಡುವ ರಾಜ ಲಿಯೊಂಟಿಸ್‌ಗೆ ಸಂಶಯ ಬಂತೆಂದು ಯಾವ ಸನ್ನೆಯೂ ಸಾರುವುದಿಲ್ಲ. ಅವನ ಬೆರಳುಗಳು ಜೇಡದ ಕಾಲಿನ ಹಾಗೆ ಹರಿದಾಡಲು ತೊಡಗುತ್ತವೆ. ನರ್ತಕ ಎಡ್ವರ್ಡ್ ವಾಟ್ಸನ್ ಆ ಪಾತ್ರ ಮಾಡಿದ್ದನ್ನು ನೋಡಿದವರು ಅವನ ಕಾಲನ್ನು ಮರೆತಿದ್ದಾರೆ, ಕೈಯನ್ನು ಮರೆತಿಲ್ಲ.

"ಅದು ಸರಿ" ಎಂದು ಮಾಸ್ತರರು ಮೊದಲ ಬಾರಿಗೆ ಬ್ಯಾಲೆಗೆ ತಲೆದೂಗಿದರು. "ಸಂಶಯ ಬೆರಳಿನಲ್ಲೇ ಶುರುವಾಗುತ್ತದೆ."

ಆಮೇಲೆ ಎದ್ದದ್ದು ಅಡುಗೆಯ ಪ್ರಶ್ನೆ. ಈ ಕಾದಂಬರಿಯಲ್ಲಿ ಹನ್ನೆರಡು ಅಧ್ಯಾಯ, ತಿಂಗಳಿಗೊಂದು, ಒಂದೊಂದಕ್ಕೂ ಒಂದು ಅಡುಗೆ. ಟೀಟಾ ಹುಟ್ಟುವುದೇ ಅಡುಗೆಮನೆಯ ಮೇಜಿನ ಮೇಲೆ, ಈರುಳ್ಳಿಯ ಘಾಟಿನ ನಡುವೆ. ಆಗ ಹರಿದ ಕಣ್ಣೀರು ಒಣಗಿ ಉಪ್ಪಾಗಿ, ಅದನ್ನು ಗುಡಿಸಿ ಅಡುಗೆಗೆ ಬಳಸುತ್ತಾರೆ. ಅಕ್ಕನ ಮದುವೆಯ ಕೇಕಿನ ಹಿಟ್ಟಿಗೆ ಟೀಟಾಳ ಕಣ್ಣೀರು ಬಿದ್ದು, ತಿಂದ ಬೀಗರೆಲ್ಲ ಅಳುತ್ತಾರೆ, ವಾಂತಿ ಮಾಡಿಕೊಳ್ಳುತ್ತಾರೆ. ಗುಲಾಬಿ ಎಸಳಿನ ಸಾರಿನಲ್ಲಿ ಬೇಯಿಸಿದ ಹಕ್ಕಿಯ ಮಾಂಸ ತಿಂದ ಇನ್ನೊಬ್ಬ ಅಕ್ಕ ಗೆರ್ಟ್ರೂಡಿಸ್ ಮೈ ಕಾವೇರಿ ಕ್ರಾಂತಿಕಾರನೊಬ್ಬನ ಕುದುರೆ ಹತ್ತಿ ಓಡುತ್ತಾಳೆ. ಆಗ ಅವಳು ಏನು ಉಟ್ಟಿದ್ದಳು ಎಂಬ ಭಾಗವನ್ನು ಶೆಟ್ಟರು ಮಾಸ್ತರರ ಮುಖ ನೋಡಿ ನುಂಗಿಕೊಂಡರು.

"ರುಚಿಯನ್ನು ಕುಣಿದು ತೋರಿಸುವುದುಂಟೇ? ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಗೆ ತಿಳಿಯಬೇಕು?" ಪದ್ಮಕ್ಕ ಇದೇ ಕಾದಂಬರಿಯ 1992ರ ಸಿನಿಮಾ ನೋಡಿದವರು. ಅದರಲ್ಲಿ ಒಲೆ, ಬಾಣಲೆ, ಹಬೆ ಎಲ್ಲವನ್ನೂ ಹತ್ತಿರದಿಂದ ಕಂಡವರು. ರಂಗದ ಮೇಲೂ ಒಲೆ ಉರಿಯಬೇಕೆಂಬುದು ಅವರ ನಿರೀಕ್ಷೆ.

"ಅಡುಗೆಯನ್ನು ನೋಡಬೇಡಿ ಆಂಟಿ, ತಿಂದವರನ್ನು ನೋಡಿ" ಎಂದಳು ಮೇಘನಾ. "ಒಬ್ಬಳು ಕೇಕು ಬಾಯಿಗಿಡುತ್ತಾಳೆ, ಬೆನ್ನು ಬಾಗುತ್ತದೆ. ಪಕ್ಕದವನಿಗೂ ಅದೇ ಆಗುತ್ತದೆ. ಅಲ್ಲಿಂದ ಇಡೀ ಪಂಕ್ತಿಗೆ ಹಬ್ಬಬೇಕು. ನಾನಾದರೆ ಹಾಗೆ ಮಾಡುತ್ತಿದ್ದೆ."

ವೀಲ್ಡನ್ ಹಾಗೆ ಮಾಡುತ್ತಾನೋ ಇಲ್ಲವೋ, ಆ ಕ್ಷಣಕ್ಕೆ ಪದ್ಮಕ್ಕನ ಊಟದ ಮೇಜಿನ ಸುತ್ತ ನಾವೆಲ್ಲ ಬೆನ್ನು ಬಾಗಿಸಿ ನೋಡಿದೆವು. ಹೋಳಿಗೆ ತಿಂದ ಹೊಟ್ಟೆಗೆ ಅದು ಸುಲಭವಾಗಿರಲಿಲ್ಲ.

ಒಬ್ಬೊಬ್ಬರೂ ಒಂದೊಂದು ನಿರೀಕ್ಷೆಯ ಗಂಟು ಹೊತ್ತುಕೊಂಡು ಹೊರಟಿದ್ದೇವೆ ಎಂಬುದು ಅಷ್ಟರಲ್ಲಿ ಬಯಲಾಗಿತ್ತು. ಪದ್ಮಕ್ಕನಿಗೆ ಒಲೆ ಬೇಕು. ಮಾಸ್ತರರಿಗೆ ಪ್ರವೇಶದ ಠೀವಿ ಬೇಕು. ಎಲೆನಾ ರಂಗಕ್ಕೆ ಬಂದ ಗತ್ತಿಗೆ ಚಂಡೆ ಗುಡುಗದಿದ್ದರೆ ಅವರು ಎದ್ದು ಬಂದಾರು. ಶೆಟ್ಟರ ಲೆಕ್ಕವೋ ಹಳೆಯ ಕಾಲದ್ದು. ಸ್ವಾನ್ ಲೇಕಿನಲ್ಲಿ 1895ರಲ್ಲಿ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ಹಾಕಿದ್ದಳಲ್ಲ, ಆಗಿನಿಂದ ಪ್ರೇಕ್ಷಕರು ಕುಳಿತಲ್ಲೇ ಎಣಿಸುವುದನ್ನು ಕಲಿತುಬಿಟ್ಟಿದ್ದಾರೆ. ಶೆಟ್ಟರು ಒಮ್ಮೆ 31 ಎಣಿಸಿ ಮನೆಗೆ ಬಂದು ಎರಡು ದಿನ ಬೇಸರದಲ್ಲಿದ್ದರು. ಹೊಸ ಬ್ಯಾಲೆಯಲ್ಲಿ ಎಣಿಸಲು ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ನನಗೆ ಕೇಳಿದರೆ ಅದೇ ಅದರ ಚೆಲುವು. ಹಳೆಯ ಬ್ಯಾಲೆಗೆ ಹೋದಾಗ ಈ ನರ್ತಕಿ ಹೋದ ವರ್ಷದವಳಿಗಿಂತ ಮೇಲೋ ಕೆಳಗೋ ಎಂದು ತೂಗುತ್ತಾ ಕೂರುತ್ತೇವೆ. ಇಲ್ಲಿ ಆ ತಕ್ಕಡಿಯೇ ಇಲ್ಲ. ಸಂಬಂಧಗಳನ್ನು ತಿಳಿದುಕೊಂಡು, ಮೊದಲ ಅಂಕದ ಸಾರಾಂಶ ಓದಿಕೊಂಡು ಹೋಗುವುದು. ಮುಂದಿನ ಎರಡು ಅಂಕಗಳದ್ದನ್ನು ಆಯಾ ವಿರಾಮದಲ್ಲಿ ಓದುವುದು. ಕತ್ತಲೆಯಲ್ಲಿ ಮೊಬೈಲ್ ಬೆಳಕು ಬಿಟ್ಟು ಓದುವವನನ್ನು ಮಾತ್ರ ಎಲೆನಾಳ ದೆವ್ವಕ್ಕೆ ಒಪ್ಪಿಸಬೇಕು.

"ವಿರಾಮದಲ್ಲಿ ಓದಲು ಎಲ್ಲಿ ಪುರಸೊತ್ತು? ಐಸ್‌ಕ್ರೀಮಿನ ಸಾಲು, ಶೌಚಾಲಯದ ಸಾಲು" ಎಂದರು ಪದ್ಮಕ್ಕ. ಅನುಭವದ ಮಾತಿಗೆ ಎದುರಾಡಲಿಲ್ಲ.

ಇಷ್ಟಾದ ಮೇಲೆ ಟಿಕೆಟ್ ಹೊರಗೆ ಬಂತು. ಅಗ್ಗಕ್ಕೆ ಸಿಕ್ಕಿದವು ಎಂದು ಪದ್ಮಕ್ಕ ಕೊಂಡದ್ದು ಎಲ್ಲಕ್ಕಿಂತ ಮೇಲೆ, ಎರಡು ಪಕ್ಕಗಳಲ್ಲಿರುವ ಸ್ಲಿಪ್ಸ್ ಎಂಬ ಬೆಂಚುಗಳು. ಅದೂ ಒಂದೇ ಬದಿಯಲ್ಲಿ ಇಲ್ಲ: ಮೂವರು ಎಡಕ್ಕೆ, ಇಬ್ಬರು ಬಲಕ್ಕೆ. ಎಡಗಡೆ ಕುಳಿತವರಿಗೆ ರಂಗದ ಎಡಮೂಲೆ ಕಾಣುವುದಿಲ್ಲ, ಬಲಗಡೆಯವರಿಗೆ ಬಲಮೂಲೆ.

"ಅಡುಗೆಮನೆ ಯಾವ ಮೂಲೆಯಲ್ಲಿ ಇಡುತ್ತಾರೆ?" ಶೆಟ್ಟರ ಧ್ವನಿ ನಡುಗಿತು.

"ಆಗ್ನೇಯದಲ್ಲಿ ಇಡಬೇಕು" ಎಂದರು ಮಾಸ್ತರರು.

ಆಪೆರಾ ಹೌಸಿನ ವಾಸ್ತುವನ್ನು ಬಾಬ್ ಕ್ರೌಲಿ ನೋಡಿದ್ದಾನೋ ಇಲ್ಲವೋ ಎಂಬ ವಿಚಾರಣೆ ಹತ್ತು ನಿಮಿಷ ನಡೆದು, ಕೊನೆಗೆ ಒಂದು ಒಪ್ಪಂದವಾಯಿತು. ಪೆಡ್ರೋ ನಮ್ಮ ಕಡೆಯ ಮೂಲೆಗೆ ಬಂದು ಏನು ಮಾಡಿದನೆಂದು ಅವರು ಹೇಳುವುದು, ಅವರ ಕಡೆ ಬಂದು ಏನು ಮಾಡಿದನೆಂದು ನಾವು ಹೇಳುವುದು, ಎರಡನ್ನೂ ವಿರಾಮದಲ್ಲಿ ಜೋಡಿಸುವುದು. "ಹೆಂಡತಿಯ ಕಡೆಯವರು ಒಂದು ಬದಿ, ಪ್ರೇಯಸಿಯ ಕಡೆಯವರು ಒಂದು ಬದಿ. ಇಂಥ ಸಂಸಾರದ ಕಥೆ ಕೇಳುವ ಕ್ರಮವೇ ಇದು" ಎಂದು ಪದ್ಮಕ್ಕ ತಮ್ಮ ಟಿಕೆಟ್ ಖರೀದಿಯನ್ನು ಶಾಸ್ತ್ರವಾಗಿಸಿದರು.

ಉಡುಪಿನ ಬಗ್ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಲಿ ಯಾವ ನಿಯಮವೂ ಇಲ್ಲ, ಜೀನ್ಸ್ ತೊಟ್ಟವರೂ ಬರುತ್ತಾರೆ ಎಂದ ಕೂಡಲೇ ಪದ್ಮಕ್ಕ ರೇಷ್ಮೆ ಸೀರೆ ಎಂದು ತೀರ್ಮಾನಿಸಿದರು. ಮಾಸ್ತರರು ಪಂಚೆಯ ಮೇಲೆ ಸ್ವೆಟರ್. ತಡವಾದರೆ ಒಳಗೆ ಬಿಡುವುದಿಲ್ಲ, ಹೊರಗಿನ ಪರದೆಯಲ್ಲಿ ನೋಡುತ್ತಾ ವಿರಾಮದವರೆಗೆ ಕಾಯಬೇಕು ಎಂದಾಗ ಮಾತ್ರ ಎಲ್ಲರೂ ಶೆಟ್ಟರ ಕಡೆ ನೋಡಿದರು. ಅವರು ಗಡಿಯಾರದ ಕಡೆ ನೋಡಿದರು.

ಕೊನೆಗೆ ಉಳಿದದ್ದು ಚಪ್ಪಾಳೆ. ಎಲ್ಲಿ ತಟ್ಟಬೇಕು? ಹಳೆಯ ಬ್ಯಾಲೆಯಲ್ಲಿ ನರ್ತಕಿ ಕುಣಿದು ನಿಂತು ಬಾಗಿದಾಗ ತಟ್ಟಿದರಾಯಿತು. ಹೊಸದರಲ್ಲಿ ಸಂಗೀತ ನಿಲ್ಲದೆ ಹರಿಯುತ್ತಿರುತ್ತದೆ, ಮಧ್ಯೆ ತಟ್ಟಿದವನು ಒಂಟಿಯಾಗುತ್ತಾನೆ. ತೆರೆ ಬಿದ್ದ ಮೇಲೆ ಎಷ್ಟು ಬೇಕಾದರೂ ತಟ್ಟಿ ಎಂದು ಮೇಘನಾ ಧೈರ್ಯ ಕೊಟ್ಟಳು. ಇದೇ ರಂಗಮಂದಿರದಲ್ಲಿ 1965ರಲ್ಲಿ ಮ್ಯಾಕ್‌ಮಿಲನ್ನನ 'ರೋಮಿಯೋ ಅಂಡ್ ಜೂಲಿಯೆಟ್' ಮೊದಲ ರಾತ್ರಿ ಮುಗಿದಾಗ ಆ ಜೋಡಿಯಾಗಿ ಕುಣಿದ ಮಾರ್ಗೊ ಫಾಂಟೇನ್ ಮತ್ತು ರುಡಾಲ್ಫ್ ನೂರೆಯೆವ್ 43 ಸಲ ತೆರೆಯ ಮುಂದೆ ಬಂದು ಬಾಗಬೇಕಾಯಿತು, ಚಪ್ಪಾಳೆ 40 ನಿಮಿಷ ನಿಲ್ಲಲಿಲ್ಲ.

ಮಾಸ್ತರರ ಕಣ್ಣು ಅರಳಿತು. ಬೆಳಗಿನವರೆಗೆ ಕೂತು ಅಭ್ಯಾಸವಿದ್ದವರಿಗೆ ನಲವತ್ತು ನಿಮಿಷ ಯಾವ ಲೆಕ್ಕ. "ನಾವೂ ತಟ್ಟೋಣ. ಚೆನ್ನಾಗಿದ್ದರೆ ಐವತ್ತು ಸಲ ಬರಲಿ."

ಶೆಟ್ಟರು ಅಷ್ಟರಲ್ಲೇ ಕಾಗದದ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದರು. ಏಳೂವರೆಗೆ ಆರಂಭ, ಮೂರು ಅಂಕ, ಎರಡು ವಿರಾಮ, ಐವತ್ತು ಸಲ ಬಾಗುವುದು, ಆ ಬೆಂಚುಗಳಿಂದ ಕೆಳಗೆ ಇಳಿಯುವ ಮೆಟ್ಟಿಲು, ಕೋವೆಂಟ್ ಗಾರ್ಡನ್ ನಿಲ್ದಾಣದ ಲಿಫ್ಟಿನ ಸಾಲು.

"ಹದಿನೆಂಟು ಸಲಕ್ಕಿಂತ ಹೆಚ್ಚು ಆಗುವುದಿಲ್ಲ ಮಾಸ್ತರೇ" ಎಂದರು. "ಹತ್ತೊಂಬತ್ತನೆಯದಕ್ಕೆ ಕೂತರೆ ಪಿಕಡಿಲಿ ಮಾರ್ಗದ ಕೊನೆಯ ರೈಲು ಹೋಗಿರುತ್ತದೆ."